ಮೂರನೇ ಬಕೆಟ್

ಚೆಲ್ಲಿಬಿಡಬೇಕೆಂದೇ ಜಯಂತ ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದದ್ದು. ಹಿಂದಿನ ಸಂಜೆ ಕುದಿಸಿದ ಹೊಸ ಬಾರ್ಲಿ ನೀರು ದೊಡ್ಡ ಪಾತ್ರೆಯಲ್ಲಿ ಮುಚ್ಚಳ ಹಾಕಿಕೊಂಡು ಆರುತ್ತ ಕೂತಿತ್ತು. ಅದಕ್ಕೆ ಬಕೆಟ್ ಬೇಕಿತ್ತು. ಐದು ವಾರದಿಂದ ಮೂಲೆಗೆ ತಳ್ಳಿದ್ದ ಮೂರನೇ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂಬಾಗಿಲಿನ ಮೆಟ್ಟಿಲ ತನಕ ತಂದ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು, ಬೇಲಿಯಾಚೆ ಪಕ್ಕದ ಮನೆಯವನು ತನ್ನ ಯೂಟ್ ಗಾಡಿಯ ಗಾಜಿನ ಮೇಲಿನ ಹೆಪ್ಪು ಕರಗಲೆಂದು ನೀರು ಸುರಿಯುತ್ತಿದ್ದ. ಇಲ್ಲೇ ನಿಂಬೆ ಗಿಡದ ಬುಡಕ್ಕೆ ಸುರಿದರಾಯಿತು, ಪಾಪವೂ ಹರಿದುಹೋಗುತ್ತದೆ ಎಂದುಕೊಂಡು ಮುಚ್ಚಳದ ಅಂಚಿಗೆ ಹೆಬ್ಬೆರಳು ಹಾಕಿ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ವಿನಿಗರ್ ನಾತಕ್ಕೆ ಮೂಗು ಸಿದ್ಧವಾಗಿತ್ತು, ಬಂದದ್ದು ಬೇರೆ. ಮೊದಲು ಈಗ ತಾನೇ ಹೆಚ್ಚಿದ ಸೀಬೆಹಣ್ಣು. ಆಮೇಲೆ ಹೇರಳೆಕಾಯಿಯ ಸಿಪ್ಪೆ ಚಿವುಟಿದಾಗ ಕಣ್ಣಿಗೆ ಹಾರುವ ಘಾಟು. ಅವೆರಡರ ತೀರಾ ಕೆಳಗೆ ತನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ವಾಸನೆ, ಅದರ ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಹೇಗೂ ಚೆಲ್ಲುವುದೇ ಎಂದು ಹೋದ ವಾರ ಪೊಟ್ಟಣದ ತಳದಲ್ಲಿ ಉಳಿದಿದ್ದ ನೆಲ್ಸನ್ ಕಡೆಯ, ಬೀರಿಗೆ ಘಮ ಕೊಡುವ ಹಾಪ್ಸ್ ಹೂವನ್ನು ಇದರ ಮೇಲೆ ಎಸೆದದ್ದು ನೆನಪಾಯಿತು. ಹೇರಳೆಕಾಯಿ ಅದರದಿರಬಹುದು. ಉಳಿದದ್ದು ಹೂವಿನದಲ್ಲ. ಅವನಿಗೆ ಹೆದರಿಕೆಯಾಯಿತು. ಚಮಚದಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತ. ಪಕ್ಕದವನು ಗುಡ್ ಮಾರ್ನಿಂಗ್ ಎಂದದ್ದೂ ಕೇಳಿಸಲಿಲ್ಲ.

ಬೀರು ಮಾಡುವುದು ಅವನಿಗೆ ಕುಡಿಯುವ ಚಟವಲ್ಲ. ಒಂದು ಗ್ಲಾಸಿಗೆ ನಿದ್ದೆ ಬರುವ ಜಾತಿ ಅವನದು. ಅವನನ್ನು ಹಿಡಿದದ್ದು ಯೀಸ್ಟ್. ಊರಾಚೆಯ ಹಾಲಿನ ಪುಡಿಯ ಕಾರ್ಖಾನೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಅವನು ಸೂಕ್ಷ್ಮಜೀವಿಗಳನ್ನು ಎಣಿಸುತ್ತಿದ್ದ. ಹೆಚ್ಚು ಕಂಡರೆ ಕೆಂಪು ಚೀಟಿ ಅಂಟಿಸುವುದು, ಇಡೀ ರಾಶಿಯನ್ನು ತಡೆಹಿಡಿಯುವುದು. ಕಾಣದ ಜೀವ ಎಂದರೆ ವೈರಿ, ಅಷ್ಟೇ. ನಾಲ್ಕು ವರ್ಷದ ಹಿಂದೆ ಮೊದಲ ಸಲ ಮೊಳಕೆ ಬಾರ್ಲಿಯ ಸಿಹಿನೀರನ್ನು ಒಂದೇ ಪಾತ್ರೆಯಲ್ಲಿ ಕುದಿಸಿ, ನಾಲ್ಕು ಬಕೆಟ್ಟಿಗೆ ಹಂಚಿ, ನಾಲ್ಕಕ್ಕೂ ಬೇರೆ ಬೇರೆ ಯೀಸ್ಟ್ ಹಾಕಿದ. ಹತ್ತು ದಿನ ಬಿಟ್ಟು ಮುಚ್ಚಳ ತೆರೆದರೆ ಒಂದರಲ್ಲಿ ಬಾಳೆಹಣ್ಣು, ಒಂದರಲ್ಲಿ ಮೆಣಸು ಲವಂಗ, ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಬಿಸ್ಕತ್ತಿನ ಅಂಗಡಿಯ ಬಾಗಿಲು. ಅವನು ಯಾವ ಹಣ್ಣನ್ನೂ ಹಾಕಿರಲಿಲ್ಲ. ನೀರು ಒಂದೇ, ಪಾತ್ರೆ ಒಂದೇ, ಕುದಿಸಿದ ಬೆಂಕಿ ಒಂದೇ. ಕಣ್ಣಿಗೆ ಕಾಣದ್ದೊಂದು ಒಳಗೆ ಕೂತು ತನಗೆ ಬೇಕಾದ ಲೋಕವನ್ನು ಮಾಡಿಕೊಂಡಿತ್ತು. ಅವತ್ತು ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಬಕೆಟ್ಟಿಗೆ ಕಿವಿಯಿಟ್ಟು ಗುಳುಗುಳು ಸದ್ದು ಕೇಳಿದಾಗ ಅವನಿಗೆ ಕಣ್ಣು ತುಂಬಿ ಬಂದಿತ್ತು. ಹೆಂಡತಿ ಕೃಪಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು, "ದೇವರ ಮನೇಲಿ ಯಾವತ್ತಾದ್ರೂ ಹೀಗೆ ಕೂತಿದೀಯಾ ನೀನು?" ಎಂದು ನಕ್ಕಿದ್ದಳು. ಒಂದು ಹೊರಗಿನ ಕ್ರಿಮಿ ಬಿದ್ದರೆ ಎಲ್ಲ ಕೆಡುತ್ತದೆ ಎಂದು ಅವನು ಮುಚ್ಚಳ, ಸೌಟು, ಕೈಗವಸು, ಕಡೆಗೆ ಬಾಗಿಲ ಹಿಡಿಗೂ ಔಷಧದ ನೀರು ಚಿಮುಕಿಸುವುದನ್ನು ನೋಡಿ, ನಿಮ್ಮಜ್ಜಿಯ ಮಡಿ ಗ್ಯಾರೇಜಿಗೆ ಬಂದು ಸೇರಿಕೊಂಡಿದೆ ಎಂದೂ ಆಡಿಕೊಳ್ಳುತ್ತಿದ್ದಳು. ಆಗ ಅವನಿಗೂ ನಗು ಬರುತ್ತಿತ್ತು.

ಅಮ್ಮ ಲೀಲಾವತಿ ಹುಣಸೂರಿನ ಮನೆ ಮಾರಿ, ಸಮುದ್ರ ದಾಟಿ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅವಳ ಬಾಯಲ್ಲಿ ಈರುಳ್ಳಿ ಕೂಡ ಏಕಾದಶಿ ನೋಡಿಕೊಂಡೇ ಒಳಗೆ ಹೋಗುತ್ತಿತ್ತು. ಅವಳಿಗೆ ಬೀರು ಎಂದು ಹೇಳುವುದು ಹೇಗೆ? ಆಫೀಸಿನ ಪ್ರಯೋಗ ಕಣಮ್ಮ ಎಂದ. ಅಮ್ಮ ನಂಬಿದಳು, ನಂಬಿ ಸುಮ್ಮನಿರಲಿಲ್ಲ, ದೇವಸ್ಥಾನದ ಭಜನೆಯಲ್ಲಿ ಸಿಕ್ಕ ಆಂಟಿಯರಿಗೆಲ್ಲ ನನ್ನ ಮಗ ಮನೆಗೆ ಬಂದರೂ ಆಫೀಸಿನ ಕೆಲಸ ಬಿಡಲ್ಲ ಎಂದು ಹೇಳಿಕೊಂಡು ಬಂದಳು. ಜುಲೈ ಎಂದರೆ ಇಲ್ಲಿ ನಡುಚಳಿಗಾಲ, ಆ ಚಳಿಗೆ ಇಡ್ಲಿ ಹಿಟ್ಟು ಎರಡು ದಿನ ಇಟ್ಟರೂ ಏಳದೆ ಕೂತಾಗ, ಅಮ್ಮ ಡಬರಿಗೆ ತನ್ನ ಶಾಲು ಹೊದಿಸಿ ಪಕ್ಕದಲ್ಲಿ ಕೂತದ್ದನ್ನು ನೋಡಲಾರದೆ, ಗ್ಯಾರೇಜಿನ ಹಳೇ ಫ್ರಿಜ್ಜಿಗೆ ತಾನು ಬಿಸಿಪಟ್ಟಿ ಸುತ್ತಿ ಮಾಡಿಕೊಂಡಿದ್ದ ಬೆಚ್ಚನೆಯ ಗೂಡಿನಲ್ಲಿ, ನಾಲ್ಕು ಬಕೆಟ್ಟಿನ ಮೇಲಿನ ಹಲಗೆಯ ಮೇಲೆ, ಡಬರಿ ಇಡು ಎಂದವನು ಅವನೇ. ಅದನ್ನು ಅವನು ಮರೆತುಬಿಟ್ಟಿದ್ದ. ಐದು ವಾರದ ಹಿಂದಿನ ಆ ಭಾನುವಾರ ಅಂಗಡಿಯಿಂದ ಬಂದು ಗ್ಯಾರೇಜಿನ ಬಾಗಿಲು ಎತ್ತಿದರೆ ಅಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೂರನೇ ಬಕೆಟ್ಟಿನ ಮುಚ್ಚಳ ಪಕ್ಕದಲ್ಲಿತ್ತು. ಸೀರೆಯ ಮೇಲೆ ಹಾಕಿದ್ದ ಸ್ವೆಟರಿನ ತೋಳು ಮೊಣಕೈ ತನಕ ಮಡಿಸಿಕೊಂಡು, ಈಗಷ್ಟೇ ಇಡ್ಲಿ ಹಿಟ್ಟು ಕದಡಿದ್ದ ಅದೇ ಕೈಯನ್ನು ಬಳೆ ಮುಳುಗುವಷ್ಟು ಇಳಿಸಿ ತಳದಿಂದ ಮೇಲಕ್ಕೆ ನಿಧಾನವಾಗಿ ಕದಡುತ್ತಿದ್ದಳು. ಅವನನ್ನು ನೋಡಿ ಮುಖ ಅರಳಿತು. "ಇದೊಂದು ನಿಂತೋಗಿತ್ತು ಕಣೋ. ಮಿಕ್ಕಿದ್ದೆಲ್ಲ ಗುಳುಗುಳು ಅಂತಿವೆ, ಇದು ಮಾತ್ರ ಸುಮ್ನೆ ಕೂತಿದೆ. ಒಂಚೂರು ಕೈಯಾಡ್ಸಿದ್ರೆ ಏಳತ್ತೆ ಅಂತ." ಅದಕ್ಕೆ ಹಾಕಿದ್ದ ಬೆಲ್ಜಿಯಂ ಯೀಸ್ಟಿನ ಗುಣವೇ ಅದು, ಅರ್ಧ ದಾರಿಯಲ್ಲಿ ಮುನಿಸಿಕೊಂಡು ಕೂರುತ್ತದೆ, ಎರಡು ವಾರ ಕಾದರೆ ತಾನಾಗಿ ಏಳುತ್ತದೆ. ಅವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. "ಅಮ್ಮಾ, ಮುಟ್ಟಬೇಡ! ಯಾರು ಮುಟ್ಟು ಅಂದ್ರು ನಿನಗೆ? ತೆಗಿ ಕೈ! ಕೊಳಕು ಕೈ ಹಾಕಿ ಎಲ್ಲಾ ಹಾಳು ಮಾಡಿದೆಯಲ್ಲ!" ಮಾತು ಅಲ್ಲಿಗೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅವನು ಔಷಧದ ಬಾಟಲಿ ತೆಗೆದುಕೊಂಡು, ಅಮ್ಮ ಇನ್ನೂ ಅಲ್ಲೇ ನಿಂತಿರುವಾಗಲೇ, ಅವಳು ಮುಟ್ಟಿದ ಮುಚ್ಚಳ, ಫ್ರಿಜ್ಜಿನ ಹಿಡಿ, ಅವಳು ಕೂತ ನೆಲದ ಸುತ್ತ ಎಲ್ಲದಕ್ಕೂ ಚಿಮುಕಿಸಿದ. ಅಮ್ಮ ಒದ್ದೆ ಕೈಯನ್ನು ಮೈಯಿಂದ ದೂರ ಹಿಡಿದು, ನೆಲಕ್ಕೆ ತೊಟ್ಟಿಕ್ಕದ ಹಾಗೆ ಕೆಳಗೆ ಇನ್ನೊಂದು ಅಂಗೈ ಒಡ್ಡಿಕೊಂಡು ಒಳಗೆ ಹೋದಳು. ಅವತ್ತಿನ ಹಿಟ್ಟು ಏನಾಯಿತೆಂದು ಯಾರೂ ಕೇಳಲಿಲ್ಲ.

ಹೀಗೇ ಚಿಮುಕಿಸುತ್ತಿದ್ದವಳು ಅಜ್ಜಿ, ಅಮ್ಮನ ಅತ್ತೆ. ಅಮ್ಮ ತಿಂಗಳಿಗೊಮ್ಮೆ ದೂರವಾದ ಮೂರು ದಿನ ಹುಣಸೂರಿನ ಮನೆಯ ಹಿತ್ತಿಲ ಜಗುಲಿಯಲ್ಲಿ, ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಆರು ವರ್ಷದ ಜಯಂತ ಒಮ್ಮೆ ಶಾಲೆಯಿಂದ ಓಡಿಬಂದು ಹಿಂದಿನಿಂದ ಅವಳ ಕೊರಳಿಗೆ ಜೋತುಬಿದ್ದಿದ್ದ. ಮುಟ್ಟಬೇಡ ಎಂದು ಅಜ್ಜಿ ಕೂಗಿದ್ದು ಬೀದಿಗೆ ಕೇಳಿಸಿತ್ತು. ಯೂನಿಫಾರಂ ಸಮೇತ ಅವನ ತಲೆಗೆ ಎರಡು ಕೊಡ ತಣ್ಣೀರು ಬಿತ್ತು. ಅವನು ಅಳುತ್ತ ನಿಂತಾಗ ಅಮ್ಮ ಎದ್ದು ಬರಲಿಲ್ಲ, ಬರುವ ಹಾಗಿರಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿ ಒಂದರೊಳಗೊಂದು ಬಿಗಿ ಹಿಡಿದು ಕೂತಿದ್ದಳು. ತಮಾಷೆಯೆಂದರೆ ಅದೇ ಅಜ್ಜಿ ಆ ಮೂರು ದಿನ ಇಡ್ಲಿಗೆ ನೆನೆ ಹಾಕುತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿ ಹಿಟ್ಟು ಏಳುತ್ತಿರಲಿಲ್ಲ. ನಾಳೆ ಅವಳು ತಲೆಗೆ ನೀರು ಹಾಕ್ಕೊಳ್ತಾಳೆ, ನಾಳೆಗೇ ರುಬ್ಬೋಣ ಎಂದು ಕಾಯುತ್ತಿದ್ದಳು. ಅಮ್ಮ ರುಬ್ಬಿ, ಉಪ್ಪು ಹಾಕಿ, ಬರಿಗೈಯಲ್ಲಿ ಕದಡಿಟ್ಟರೆ ಬೆಳಗಾಗುವಷ್ಟರಲ್ಲಿ ಡಬರಿಯ ಮುಚ್ಚಳ ಪಕ್ಕಕ್ಕೆ ಸರಿದಿರುತ್ತಿತ್ತು. ಕೈಗುಣ ಎನ್ನುತ್ತಿದ್ದರು ಎಲ್ಲರೂ. ಲ್ಯಾಬಿಗೆ ಸೇರಿದ ಮೇಲೆ ಆ ಮಾತಿಗೆ ಅವನು ನಕ್ಕಿದ್ದ. ಈಗ ಐದು ವಾರದಿಂದ ಅಮ್ಮ ಈ ಮನೆಯಲ್ಲಿ ಏನನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಟೀವಿಯ ರಿಮೋಟ್ ಪಕ್ಕದಲ್ಲೇ ಬಿದ್ದಿರುತ್ತಿತ್ತು, "ಇದನ್ನ ಮುಟ್ಟಲಾ?" ಎನ್ನುತ್ತಿದ್ದಳು. ಹಾಲಿನ ಕ್ಯಾನ್, ಹೀಟರಿನ ಗುಂಡಿ, ಒಣಗಿದ ಬಟ್ಟೆ, ಎಲ್ಲಕ್ಕೂ "ಮುಟ್ಟಲಾ?" ಆ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನು ಜಗಳವಾಡಿ ಗೆದ್ದೋ ಸೋತೋ ಹಗುರಾಗುತ್ತಿದ್ದ. ಸಾರಿ ಅಮ್ಮ ಎಂದು ಎರಡು ಸಲ ಹೇಳಿದ. "ಅಯ್ಯೋ, ಅದಕ್ಕೇನಂತೆ. ಆಫೀಸಿನ ವಸ್ತು, ನನಗೆ ಗೊತ್ತಾಗ್ಲಿಲ್ಲ. ನಿನ್ನ ಕೆಲಸಕ್ಕೇನೂ ತೊಂದ್ರೆ ಆಗ್ಲಿಲ್ವಲ್ಲ?" ಎಂದಳು. ಅಡುಗೆಮನೆಗೆ ಅಂಗಡಿಯ ಇಡ್ಲಿ ಹಿಟ್ಟಿನ ಪೊಟ್ಟಣ ಬಂತು. ನಿನ್ನೆ ರಾತ್ರಿ ಕೃಪಾ ತಟ್ಟೆ ತೊಳೆಯುತ್ತ, ಅವನ ಕಡೆ ತಿರುಗದೆ ಹೇಳಿದಳು. "ಅಮ್ಮ ಗುರುವಾರ ಒಪ್ಪತ್ತು ಮಾಡ್ತಿದಾರೆ, ಗೊತ್ತಾ? ನಾಲ್ಕು ವಾರ ಆಯ್ತು. ತಾವು ಕೆಡಿಸಿದ್ದಕ್ಕೆ ನಿನ್ನ ಕೆಲಸ ಹೋಗ್ದಿರ್ಲಿ ಅಂತ. ಸತ್ಯ ಹೇಳು ಜಯಂತ್, ಇಲ್ಲಾ ನಾನೇ ಹೇಳ್ತೀನಿ." 

ಅದಕ್ಕೇ ಬೆಳಿಗ್ಗೆ ಚೆಲ್ಲಲು ಹೊರಟದ್ದು. ಚೆಲ್ಲಲಾಗದೆ, ಒಂದು ಬಾಟಲಿಗೆ ತುಂಬಿಸಿ, ಮಧ್ಯಾಹ್ನ ಎರಡಕ್ಕೆ ಬೀರು ಮಾಡುವವರ ಕ್ಲಬ್ಬಿನ ತಿಂಗಳ ಸಭೆಗೆ ಕಾರಿನ ಮುಂದಿನ ಸೀಟಿನಲ್ಲಿಟ್ಟು ಅದಕ್ಕೂ ಬೆಲ್ಟ್ ಹಾಕಿ ಹೋದ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಹದಿನೈದು ಜನ. ಅಲ್ಲಿ ಅವನು ಇಷ್ಟು ವರ್ಷ ಹಿಂದಿನ ಸಾಲಿನವನು. ವಾರೆನ್ ಎಂಬ ಮುದುಕ, ನಲವತ್ತು ವರ್ಷ ಹಸು ಸಾಕಿ ನಿವೃತ್ತನಾದವನು, ಎಲ್ಲರ ಬೀರೂ ಮೂಸಿ ತೀರ್ಪು ಹೇಳುವವನು. ಹಿಂದಿನ ಸಲ ಜಯಂತನ ಬೀರು ಮೂಸಿ, ತುಂಬ ಶುಚಿಯಾಗಿದೆ ಎಂದಿದ್ದ. ಅದು ಹೊಗಳಿಕೆಯೆಂದು ತಿಳಿದು ಜಯಂತ ಥ್ಯಾಂಕ್ಯೂ ಹೇಳಿದಾಗ ಪಕ್ಕದವರಿಬ್ಬರು ತುಟಿಯೊಳಗೆ ನಕ್ಕಿದ್ದರು. ಆಸ್ಪತ್ರೆಯೂ ಶುಚಿಯಾಗಿರತ್ತೆ, ಅಲ್ಲಿ ಯಾರೂ ಊಟಕ್ಕೆ ಹೋಗಲ್ಲ ಎಂದು ಆಮೇಲೆ ಯಾರೋ ಬಿಡಿಸಿ ಹೇಳಿದ್ದರು. ಈ ಸಲ ಅವನು ಬಾಟಲಿಯನ್ನು ಮುಂದಿಟ್ಟ. ಇನ್ನೂ ಗ್ಯಾಸ್ ತುಂಬಿಲ್ಲ, ಸಪ್ಪೆಯಾಗಿದೆ, ಕೆಟ್ಟೂ ಇರಬಹುದು ಎಂದು ಮೊದಲೇ ತಪ್ಪೊಪ್ಪಿಕೊಂಡ. ವಾರೆನ್ ಗ್ಲಾಸಿಗೆ ಮೂಗಿಟ್ಟ. ತೆಗೆದ. ಮತ್ತೆ ಇಟ್ಟ. ಒಂದು ಗುಟುಕು ಕುಡಿದು ಕಿಟಕಿಯ ಕಡೆ ನೋಡುತ್ತ ನಿಂತ.  ಹೂವು ಗೊತ್ತಾಗ್ತಿದೆ, ಮೆಣಸಿನ ಯೀಸ್ಟೂ ಗೊತ್ತಾಗ್ತಿದೆ, ಕೆಳಗೆ ಒಂದಿದೆಯಲ್ಲ, ಅದು ಯಾರು, ಎಂದು ಅವನು ಮೆಲ್ಲಗೆ ಕೇಳಿದ. ಏನು ಎನ್ನಲಿಲ್ಲ, ಯಾರು ಎಂದ. ಗ್ಲಾಸು ಕೈಯಿಂದ ಕೈಗೆ ಹೋಯಿತು. ತನ್ನ ಸರದಿ ಬಂದಾಗ ಜಯಂತ ಮೂಗಿಟ್ಟ, ಬೆಳಿಗ್ಗೆ ಸಿಗದ ಹೆಸರು ಈಗ ಸಿಕ್ಕಿತು. ಶಾಲೆಗೆ ಹೊರಡುವಾಗ ಮುಖ ಒರೆಸಲು ಬಂದ ಅಮ್ಮನ ಅಂಗೈ. ಒಲೆಯ ಮುಂದಿನಿಂದ ಎದ್ದು, ಕೈ ಸೆರಗಿಗೆ ಒರೆಸಿಕೊಂಡು, ಅರ್ಧ ಒದ್ದೆಯಾಗೇ ಅವನ ಕೆನ್ನೆ ಹಿಡಿಯುತ್ತಿದ್ದ ಅಂಗೈ. ನಲವತ್ತು ವರ್ಷ ಆ ಕೈಯಲ್ಲೇ ಇತ್ತು ಇದು, ಬಾಗಿಲು ಮುಚ್ಚಿದ ವಿಮಾನದಲ್ಲಿ ಸಮುದ್ರ ದಾಟಿ ಬಂದಿತ್ತು, ನಿಲ್ದಾಣದ ಯಾವ ತಪಾಸಣಾ ಅಧಿಕಾರಿಯೂ ತಡೆದಿರಲಿಲ್ಲ.  "ನನ್ನ ಅಮ್ಮನ ಕೈ," ಎಂದ ಇಂಗ್ಲಿಷಿನಲ್ಲಿ. ಒಂದಿಬ್ಬರು ಜೋಕೆಂದು ನಕ್ಕರು. ವಾರೆನ್ ನಗಲಿಲ್ಲ. ನನ್ನ ಅಜ್ಜಿ ಚೀಸ್ ಮಾಡ್ತಿದ್ದಳು, ಅವಳು ಹೋದ ಮೇಲೆ ಆ ಕೊಟ್ಟಿಗೆಯಲ್ಲಿ ಅದು ಯಾವತ್ತೂ ಹಾಗೆ ಬರಲಿಲ್ಲ ಎಂದ. ಬಾಗಿಲ ತನಕ ಬಂದು, ತಳದಲ್ಲಿ ಕೂತ ಗಸಿಯನ್ನು ಮಾತ್ರ ಎಸೆಯಬೇಡ, ಒಂದು ಬಾಟಲಿಯಲ್ಲಿಟ್ಟುಕೋ, ಮುಂದೆ ಎಷ್ಟು ಸಲ ಬೇಕಾದರೂ ಅದರಿಂದಲೇ ಮಾಡಬಹುದು, ನಿನ್ನ ಅಮ್ಮನನ್ನು ಮತ್ತೆ ಕೇಳಬೇಕಾಗಿಲ್ಲ ಎಂದು ಬುದ್ಧಿ ಹೇಳಿದ. ಅದು ಜಯಂತನಿಗೂ ಗೊತ್ತಿತ್ತು.

ಗೊತ್ತಿದ್ದದ್ದೇ ದಾರಿಯುದ್ದಕ್ಕೂ ಚುಚ್ಚಿತು. ಗಸಿ ಸಾಕು, ಅಮ್ಮ ಬೇಡ. ಅಜ್ಜಿಯೂ ಇಷ್ಟೇ ಲೆಕ್ಕ ಹಾಕಿದ್ದು, ಕೈ ಬೇಕು, ಕೈಯವಳು ಮೂರು ದಿನ ಹೊರಗಿರಲಿ. ಮನೆಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು ಹಿಂಬಾಗಿಲ ಮೆಟ್ಟಿಲ ಮೇಲಿತ್ತು. ಅಮ್ಮ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಎರಡು ಕೈಯೂ ಶಾಲಿನೊಳಗೆ. ಪಕ್ಕದಲ್ಲಿ ನಿಂಬೆಹಣ್ಣು ಮೂರು ಉದುರಿದ್ದವು, ಎತ್ತಿಕೊಂಡಿರಲಿಲ್ಲ. ಅವನು ಮೆಟ್ಟಿಲ ಮೇಲೆ, ಅವಳ ಕಾಲಿನ ಹತ್ತಿರ ಕೂತ. "ಅಮ್ಮ, ಒಂದು ಮಾತು ಹೇಳ್ಬೇಕು. ಅದು ಆಫೀಸಿಂದಲ್ಲ." ಅಮ್ಮ ಅವನ ಕಡೆ ನೋಡಿದಳು. "ಬಕೆಟಲ್ಲಿರೋದು ಬೀರು. ಕುಡಿಯೋ ಬೀರು. ನಾನೇ ಮಾಡೋದು. ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀನು ಏನೂ ಕೆಡಿಸ್ಲಿಲ್ಲ. ಒಪ್ಪತ್ತು ಬಿಡು." ಬೇಲಿಯಾಚೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಶುರುವಾಗಿ ನಿಂತಿತು. 

"ಕಳ್ಳಿನ ಥರದ್ದಾ?" ಎಂದಳು ಅಮ್ಮ.

"ಹೂಂ. ಅದೇ ಜಾತಿ."

"ಭಜನೇಲಿ ಎಲ್ಲರ ಮುಂದೂ ಹೇಳ್ಕೊಂಡು ಬಂದ್ನಲ್ಲೋ. ಪದ್ಮಾಸನ ಹಾಕ್ಕೊಂಡು ಕೂತು ಹೇಳಿದೆ, ನನ್ನ ಮಗನ ಶ್ರದ್ಧೆ ನೋಡಿ ಅಂತ." ಅವನು ಬಗ್ಗಿಸಿದ ತಲೆ ಎತ್ತಲಿಲ್ಲ. "ಕುಡೀತೀಯ ಅನ್ನೋದಕ್ಕಲ್ಲ. ದೊಡ್ಡವನಾಗಿದೀಯ. ನನಗೆ ಸುಳ್ಳು ಹೇಳಿದ್ಯಲ್ಲ. ಸುಳ್ಳು ಹೇಳಿ, ಆಮೇಲೆ ನನ್ನ ಕೈ ಕೊಳಕು ಅಂದ್ಯಲ್ಲ."

"ಹೌದು, ಅಂದೆ. ಅಜ್ಜಿ ಥರಾನೇ ಕೂಗಿದೆ."

ಅಜ್ಜಿಯ ಹೆಸರಿಗೆ ಅಮ್ಮ ಬೆಚ್ಚಿದಳು. ಅವನಿಗೆ ಆ ದಿನ ನೆನಪಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಶಾಲಿನೊಳಗೆ ಅವಳ ಕೈ ಒಂದನ್ನೊಂದು ಹುಡುಕಿಕೊಂಡು ಹಿಡಿದದ್ದು ಮೇಲಿನಿಂದಲೇ ಕಾಣಿಸಿತು. ಇನ್ನು ಎದ್ದು ಒಳಗೆ ಹೋಗುತ್ತಾಳೆ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಹಬ್ಬಕ್ಕೆ ಮುಂಚೆ ಊರಿಗೆ ಟಿಕೆಟ್ ಮಾಡಿಸು ಎನ್ನುತ್ತಾಳೆ ಎಂದು ಅವನು ಒಂದೊಂದಾಗಿ ಎದುರು ನೋಡಿದ. ಅಮ್ಮ ಮೂಗು ಒರೆಸಿಕೊಂಡಳು. ಅವನ ಕಡೆಗಲ್ಲ, ಗ್ಯಾರೇಜಿನ ಕಡೆ ನೋಡುತ್ತ ಕೇಳಿದಳು.

"ಎದ್ದಿತಾ?"

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಏನಮ್ಮ?"

"ನಾ ಕೈಯಾಡ್ಸಿದ್ನಲ್ಲ. ಅದು. ನಿಂತಿದ್ದು ಎದ್ದಿತಾ ಅಂತ ಕೇಳ್ದೆ."

"ಎದ್ದಿತಮ್ಮ," ಎಂದ.  ವಾರೆನ್‌ನ ಮಾತನ್ನಾಗಲಿ, ಗ್ಲಾಸು ಕೈಯಿಂದ ಕೈಗೆ ಹೋದದ್ದನ್ನಾಗಲಿ ಹೇಳಲಿಲ್ಲ. "ನಿನ್ನೆ ಹೊಸ ನೀರು ಕುದಿಸಿಟ್ಟಿದೀನಿ. ಇನ್ನೂ ಏನೂ ಹಾಕಿಲ್ಲ. ನಿನ್ನ ಕೈ ಬೇಕು. ಅದಿಲ್ದೇನೂ ಆಗತ್ತೆ, ಗಸಿ ಇದೆ. ಆದ್ರೂ ಬೇಕು."

"ನಾನು ಕುಡಿಯಲ್ಲಪ್ಪ. ರುಚಿ ನೋಡು ಅನ್ಬೇಡ."

"ಅನ್ನಲ್ಲ."

"ಹಿಟ್ಟು ಮುಟ್ಟಿ ಐದು ವಾರ ಆಯ್ತು. ಬರೀ ಕೈ. ಏಳತ್ತೋ ಇಲ್ವೋ."

"ಏಳ್ದಿದ್ರೆ ಬೇಡ."

ಗ್ಯಾರೇಜಿನಲ್ಲಿ ಅವನು ಮೂರನೇ ಬಕೆಟ್ಟಿನದನ್ನು ಬಾಟಲಿಗಳಿಗೆ ಇಳಿಸಿ, ಗಸಿ ತೆಗೆದಿಟ್ಟು, ಬಕೆಟ್ ತೊಳೆದು, ಪಾತ್ರೆಯಿಂದ ಅದಕ್ಕೆ ಹೊಸ ನೀರು ಬಗ್ಗಿಸಿದ. ಜೇನಿನ ಬಣ್ಣದ ನೀರು ಬಿಸಿಲಿನ ಒಂದು ಪಟ್ಟಿಗೆ ಸಿಕ್ಕಿ ತಳದ ತನಕ ಬೆಳಗಿತು. ಅದರಲ್ಲಿ ಏನೂ ಇರಲಿಲ್ಲ, ಬರೀ ಸಿಹಿ, ಯಾರಾದರೂ ಬರಲಿ ಎಂದು ಕಾಯುವ ಸಿಹಿ. ಅಮ್ಮ ಕೆಳಗೆ ಕೂರಲು ಹೋಗಿ ಮೊಣಕಾಲಿಗೆ ಕೈಕೊಟ್ಟು ನಿಂತಳು, ಅವನು ಸ್ಟೂಲ್ ಎಳೆದುಕೊಟ್ಟ. ಅವಳು ಸ್ವೆಟರಿನ ತೋಳು ಮಡಿಸಿಕೊಂಡು, ಬಲಗೈಯನ್ನು ಅವನ ಮುಂದೆ ಚಾಚಿ, ಅಂಗೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ಹಿಡಿದಳು. ಮೊದಲು ಅವನಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಔಷಧದ ನೀರು ಚಿಮುಕಿಸಲಿ ಎಂದು ಕಾಯುತ್ತಿದ್ದಳು. ಬಾಟಲಿ ಅವನ ಪಕ್ಕದಲ್ಲೇ ಇತ್ತು. ಆ ಕೈಯಲ್ಲಿ ಸುಕ್ಕು ಬಿದ್ದಿತ್ತು, ಉಗುರಿನ ಸಂದಿಯಲ್ಲಿ ಅರಿಶಿನ ನಿಂತಿತ್ತು, ಹೆಬ್ಬೆರಳಿನ ಬುಡದಲ್ಲಿ ಒರಳುಕಲ್ಲಿನ ಹಳೆಯ ಗಂಟಿತ್ತು. ಎಷ್ಟು ಕೋಟಿ ಜೀವ ಅಲ್ಲಿ ಮನೆ ಮಾಡಿಕೊಂಡಿದೆಯೋ, ಅವು ಎಷ್ಟು ಜನರಿಗೆ ಬೆಳಗಿನ ತಿಂಡಿ ಹಾಕಿವೆಯೋ, ಅವನು ಎಣಿಸಲಾರ. ಎಣಿಸುವುದೇ ಕಸುಬಾದ ಅವನಿಗೆ ಅವತ್ತು ಅದು ಎಣಿಸುವ ವಸ್ತುವಲ್ಲ ಎನ್ನಿಸಿತು. ಬಾಟಲಿಯನ್ನು ಎತ್ತಿ ಹಿಂದಿನ ಹಲಗೆಯ ಮೇಲಿಟ್ಟ. "ಬೇಡಮ್ಮ. ಹಾಗೇ ಹಾಕು," ಎಂದ.

ಅಮ್ಮ ಅವನ ಮುಖ ನೋಡಿದಳು. ಆಮೇಲೆ ಕೈ ಇಳಿಸಿದಳು. ಬೆರಳು, ಅಂಗೈ, ಬಳೆ. ತಳ ಮುಟ್ಟಿ ನಿಧಾನವಾಗಿ ಮೇಲಕ್ಕೆ, ಮತ್ತೆ ತಳಕ್ಕೆ, ಒಂದೇ ದಿಕ್ಕಿನಲ್ಲಿ ಕದಡತೊಡಗಿದಳು. ಬಳೆ ಬಕೆಟ್ಟಿನ ಅಂಚಿಗೆ ತಾಗಿ ಟಿಣ್ ಎಂದಿತು. ಅವಳ ತುಟಿ ಅಲ್ಲಾಡುತ್ತಿತ್ತು, ಯಾವುದೋ ದೇವರ ನಾಮವೋ, ಎಣಿಕೆಯೋ ಅವನಿಗೆ ಕೇಳಿಸಲಿಲ್ಲ. ಸಾಕೆನ್ನಿಸಿದಾಗ ಕೈ ತೆಗೆದು, ತೊಟ್ಟಿಕ್ಕುವುದನ್ನು ಬಕೆಟ್ಟಿಗೇ ಬಿಟ್ಟು, ತಾನೇ ಮುಚ್ಚಳ ಎತ್ತಿ ಹಾಕಿ ಅಂಚನ್ನೆಲ್ಲ ಒತ್ತಿದಳು. ಯಾರನ್ನೂ ಏನೂ ಕೇಳಲಿಲ್ಲ. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಜಯಂತ ಅಭ್ಯಾಸದ ಮೇಲೆ ಬಗ್ಗಿ ಕೈ ಚಾಚಿದ.

"ಸುಮ್ನಿರು," ಎಂದಳು ಅಮ್ಮ. "ಇನ್ನು ನಾಳೆ ತನಕ ನೀನು ಮುಟ್ಟಬೇಡ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅಕ್ಕಿ ಎಲ್ಲಿಟ್ಟಿದಾಳೆ ಕೃಪಾ, ಉದ್ದು ನೆನೆ ಹಾಕ್ಬೇಕು ಎಂದುಕೊಂಡು ಒಳಗೆ ಹೋದಳು.